‘ಶೇ 2ರ ವಿಜ್ಞಾನಿ’ ಎಂದು ಅಚ್ಚು ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಗಣಪತಿ ಹಬ್ಬದ ಫ್ಲೆಕ್ಸ್‌ಗಳು ಇಳಿಯುವ ಹೊತ್ತಿಗೆ ಹಾಸನದ ಎನ್‌.ಆರ್‌. ವೃತ್ತದಲ್ಲೋ ಚಿಕ್ಕಮಗಳೂರಿನ ಹನುಮಂತಪ್ಪ ವೃತ್ತದಲ್ಲೋ ಇನ್ನೊಂದು ಬಗೆಯ ಫ್ಲೆಕ್ಸ್‌ ಏರುತ್ತದೆ: ‘ವಿಶ್ವದ ಶೇ 2ರಷ್ಟು ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಪ್ರಾಧ್ಯಾಪಕರು’. ಮಾರನೇ ದಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಶಾಲು, ಹಾರ, ಮೈಸೂರು ಪೇಟದ ಫೋಟೊ ಜತೆ ಸುದ್ದಿ. ಇಷ್ಟು ಸಂಶೋಧನಾ ಪೇಪರ್‌, ಇಷ್ಟು ಸೈಟೇಷನ್‌ (ಅಂದರೆ ಆ ಪೇಪರ್‌ಗಳನ್ನು ಮುಂದಿನ ಪೇಪರ್‌ಗಳು ಉಲ್ಲೇಖಿಸಿದ್ದು), ಎಚ್‌-ಇಂಡೆಕ್ಸ್‌ ಇಷ್ಟು. ಅಂಕಿ ಎಲ್ಲಿಂದ ಬಂತು, ಯಾವ ದಿನ ತೆಗೆದದ್ದು, ಆ ಪೇಪರ್‌ಗಳಲ್ಲಿ ಏನಿದೆ ಎಂಬ ಸಾಲು ಮಾತ್ರ ಇರುವುದಿಲ್ಲ. ಸನ್ಮಾನಕ್ಕೆ ನಮ್ಮ ತಕರಾರಿಲ್ಲ. ಆದರೆ ರಸಾಯನಶಾಸ್ತ್ರ ಮತ್ತು ವಿಷವಿಜ್ಞಾನದಲ್ಲಿ ಈ ಅಂಕಿಗಳನ್ನು ಓದುವ ಕ್ರಮವೊಂದಿದೆ, ಅದು ವರದಿಗಾರರಿಗೂ ಓದುಗರಿಗೂ ಗೊತ್ತಿರಲಿ ಎಂದು ಈ ಪತ್ರ. ಉದ್ದವಾಯಿತು; ಕತ್ತರಿ ಹಾಕಲೇಬೇಕಿದ್ದರೆ ಮೊದಲ ಭಾಗಕ್ಕೆ ಹಾಕಿ, ನಮ್ಮ ಆಲೂಗೆಡ್ಡೆ, ಕಾಫಿಯ ಮಾತು ಕೊನೆಯಲ್ಲಿದೆ.

ಮೊದಲು ಆ ಪಟ್ಟಿಯ ಜಾತಕ. ಅದನ್ನು ‘ಸ್ಟ್ಯಾನ್‌ಫೋರ್ಡ್‌ ವಿಶ್ವವಿದ್ಯಾಲಯದ ಪ್ರಶಸ್ತಿ’ ಎಂದು ಬರೆಯುವುದು ತಪ್ಪು. ಅಲ್ಲಿನ ಪ್ರೊಫೆಸರ್‌ ಜಾನ್‌ ಅಯೊನಿಡಿಸ್‌ ಮತ್ತು ಸಂಗಡಿಗರು 2019ರಲ್ಲಿ ‘ಪ್ಲಾಸ್‌ ಬಯಾಲಜಿ’ ಜರ್ನಲ್‌ನಲ್ಲಿ ಪ್ರಕಟಿಸಿದ ಪಟ್ಟಿ ಅದು. ಎಲ್ಸೆವಿಯರ್‌ ಎಂಬ ಪ್ರಕಾಶನ ಕಂಪನಿ ಪೇಪರ್‌, ಉಲ್ಲೇಖಗಳನ್ನು ಎಣಿಸಿಡುವ ಸ್ಕೋಪಸ್‌ ದತ್ತಾಂಶದ ಮೇಲೆ ವರ್ಷವರ್ಷವೂ ಹೊಸ ಲೆಕ್ಕ ಹಾಕುತ್ತಾರೆ. ಅದಕ್ಕೆ ಅರ್ಜಿಯಿಲ್ಲ, ಆಯ್ಕೆ ಸಮಿತಿಯಿಲ್ಲ. ವಿಜ್ಞಾನವನ್ನು 22 ಕ್ಷೇತ್ರ, 174 ಉಪಕ್ಷೇತ್ರಗಳಾಗಿ ಹಂಚಿದ್ದಾರೆ. ಟಾಕ್ಸಿಕಾಲಜಿ (ವಿಷವಿಜ್ಞಾನ) ಒಂದು ಉಪಕ್ಷೇತ್ರ; ರಸಾಯನಶಾಸ್ತ್ರ ಅನಾಲಿಟಿಕಲ್‌, ಆರ್ಗ್ಯಾನಿಕ್‌, ಫಿಸಿಕಲ್‌ ಎಂದು ಹಲವಾಗಿ ಒಡೆದಿದೆ. ಒಟ್ಟಾರೆ ಮೊದಲ ಒಂದು ಲಕ್ಷದೊಳಗೆ ಬಂದವರು, ಇಲ್ಲವೇ ತಮ್ಮ ಉಪಕ್ಷೇತ್ರದ ಮೇಲಿನ ಶೇ 2ರೊಳಗೆ ಬಂದವರು ಪಟ್ಟಿ ಸೇರುತ್ತಾರೆ.

ಪಟ್ಟಿ ಒಂದಲ್ಲ, ಎರಡು. ಒಂದು ಇಡೀ ವೃತ್ತಿಜೀವನದ್ದು. ಇನ್ನೊಂದು ಒಂದೇ ವರ್ಷದ್ದು, ಅಂದರೆ ಆ ಒಂದು ವರ್ಷದಲ್ಲಿ ಹಳೆಯ-ಹೊಸ ಪೇಪರ್‌ಗಳೆಲ್ಲ ಸೇರಿ ಗಳಿಸಿದ ಉಲ್ಲೇಖದ ಮೇಲೆ ನಿಂತದ್ದು. ಎರಡರ ತೂಕ ಬೇರೆ, ಸುದ್ದಿಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಈ ಪಟ್ಟಿಯ ಎಕ್ಸೆಲ್‌ ಹಾಳೆ ಪುಕ್ಕಟೆ ಸಿಗುತ್ತದೆ. ಹೆಸರು ಹುಡುಕಿ, ಅದೇ ಸಾಲಿನಲ್ಲಿ ಬಲಕ್ಕೆ ಸರಿಯುತ್ತಾ ಹೋದರೆ ಸ್ವಯಂ ಉಲ್ಲೇಖದ (ತಮ್ಮ ಪೇಪರನ್ನು ತಾವೇ ಉಲ್ಲೇಖಿಸಿಕೊಂಡದ್ದರ) ಶೇಕಡಾವಾರು, ಅದನ್ನು ಕಳೆದ ಮೇಲಿನ ರ‍್ಯಾಂಕ್‌, 2024ರ ಆವೃತ್ತಿಯಿಂದೀಚೆಗೆ ಪ್ರಕಟವಾದ ಮೇಲೆ ಜರ್ನಲ್‌ನಿಂದ ಹಿಂಪಡೆಯಲಾದ ಪೇಪರ್‌ಗಳ ಎಣಿಕೆಯೂ ಕಾಣುತ್ತದೆ. ಐದು ನಿಮಿಷದ ಕೆಲಸ. ರ‍್ಯಾಂಕ್‌ ಕೊಡುವುದು ಆರು ಅಳತೆ ಕೂಡಿಸಿದ ಸಿ-ಸ್ಕೋರ್‌. ಅದರಲ್ಲಿ ಮೂರು ಅಳತೆಗಳು ಒಬ್ಬರೇ ಬರೆದ, ಮೊದಲ ಹೆಸರಿದ್ದ, ಕೊನೆಯ ಹೆಸರಿದ್ದ ಪೇಪರ್‌ಗಳಿಗೆ ಸಿಕ್ಕ ಉಲ್ಲೇಖವನ್ನೇ ನೋಡುತ್ತವೆ. ಹಾಗಾಗಿ ಹದಿನೈದು ಜನರ ನಡುವೆ ಏಳನೆಯವರಾಗಿ ಕುಳಿತವರಿಗೆ ಅಲ್ಲಿ ಅಷ್ಟು ಲಾಭವಿಲ್ಲ. ಇದ್ದುದರಲ್ಲಿ ಇದು ಪ್ರಾಮಾಣಿಕ ಪಟ್ಟಿ ಎಂದೇ ನಮ್ಮ ಅಭಿಪ್ರಾಯ. ಗೂಗಲ್‌ ಸ್ಕಾಲರ್‌ ಎಂಬ ಪೇಪರ್‌ ಹುಡುಕುವ ತಾಣದ ಪುಟ ನೋಡಿ ರ‍್ಯಾಂಕ್‌ ಹಂಚಿ, ದುಡ್ಡು ಕಟ್ಟಿದರೆ ಸರ್ಟಿಫಿಕೇಟ್‌ ಕಳಿಸುವ ಪಟ್ಟಿಗಳೂ ಇವೆ. ಅವಕ್ಕೂ ಜಿಲ್ಲಾ ಪುಟದಲ್ಲಿ ಅಷ್ಟೇ ಜಾಗ ಸಿಗುತ್ತಿದೆ.

ಎಚ್‌-ಇಂಡೆಕ್ಸ್‌ ಎಂದರೇನು? 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್‌ ಸೂಚಿಸಿದ ಅಳತೆ. ಎಚ್‌-ಇಂಡೆಕ್ಸ್‌ 7 ಎಂದರೆ ಕನಿಷ್ಠ ಏಳೇಳು ಉಲ್ಲೇಖ ಪಡೆದ ಏಳು ಪೇಪರ್‌ ಇವೆ ಎಂದು. ಕೈಯಲ್ಲೇ ಎಣಿಸಬಹುದು. ಒಬ್ಬರದು ಹತ್ತು ಪೇಪರ್‌ ಎನ್ನಿ. ಉಲ್ಲೇಖಗಳನ್ನು ಹೆಚ್ಚಿನಿಂದ ಕಡಿಮೆಗೆ ಬರೆಯಿರಿ: 210, 64, 31, 12, 9, 8, 7, 4, 3, 0. ಏಳನೆಯ ಪೇಪರ್‌ಗೆ 7 ಇದೆ, ಎಂಟನೆಯದಕ್ಕೆ 4 ಮಾತ್ರ. ಎಚ್‌-ಇಂಡೆಕ್ಸ್‌ 7. ಹತ್ತಕ್ಕೆ ಕಡಿಮೆಯಿಲ್ಲದೆ ಉಲ್ಲೇಖಗೊಂಡವು ನಾಲ್ಕು, ಆದ್ದರಿಂದ ಐ10-ಇಂಡೆಕ್ಸ್‌ 4. ಒಟ್ಟು 348. ಈಗ ಆ 210ರದು ಹನ್ನೆರಡು ಜನ ಸೇರಿ ಬರೆದ ವಿಮರ್ಶಾ ಪ್ರಬಂಧ, ಇವರು ನಡುವಿನ ಹೆಸರು ಎಂದಿಟ್ಟುಕೊಂಡು ಅದನ್ನು ತೆಗೆದುಹಾಕಿ. ಒಟ್ಟು 138ಕ್ಕೆ ಕುಸಿಯುತ್ತದೆ, ಎಚ್‌-ಇಂಡೆಕ್ಸ್‌ 6 ಆಗುತ್ತದೆ ಅಷ್ಟೆ. ‘ಒಟ್ಟು ಸೈಟೇಷನ್‌’ ಎಷ್ಟು ಸಡಿಲವಾದ ಅಂಕಿ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಹಾಗೆಂದು ಎಚ್‌-ಇಂಡೆಕ್ಸ್‌ ಗಟ್ಟಿ ಎನ್ನುವಂತಿಲ್ಲ. ಮೇಲಿನ ಸಾಲಿನಲ್ಲೇ 7ನ್ನು 8 ಮಾಡಲು ಏನು ಬೇಕು? ಏಳನೆಯ ಪೇಪರ್‌ಗೆ ಒಂದು, ಎಂಟನೆಯದಕ್ಕೆ ನಾಲ್ಕು ಉಲ್ಲೇಖ. ಒಂದು ಪೇಪರ್‌ ಇನ್ನೊಂದನ್ನು ಒಮ್ಮೆ ಮಾತ್ರ ಉಲ್ಲೇಖಿಸಿದಂತೆ ಲೆಕ್ಕವಾದ್ದರಿಂದ, ತಾವೇ ನಾಲ್ಕು ಹೊಸ ಪೇಪರ್‌ ಬರೆದು ಪ್ರತಿಯೊಂದರ ಕೊನೆಯಲ್ಲೂ ಆ ಎಂಟನೆಯದನ್ನು ಸೇರಿಸಿದರೆ ಮುಗಿಯಿತು. ಏಳನೆಯದನ್ನು ಯಾವುದಾದರೂ ಒಂದರಲ್ಲಿ ಸೇರಿಸಿದರೆ ಸಾಕು. ಸ್ವಯಂ ಉಲ್ಲೇಖವೆಲ್ಲ ಕಳ್ಳತನವೂ ಅಲ್ಲ. ಒಂದೇ ಕೀಟನಾಶಕದ ಮೇಲೆ ಹತ್ತು ವರ್ಷ ಕೆಲಸ ಮಾಡಿದವರು ತಮ್ಮ ಹಿಂದಿನ ಪೇಪರ್‌ ಹೇಳದೆ ಮುಂದಿನದು ಬರೆಯಲಾಗದು. ಗುರುತು ಸಿಗುವುದು ಎಲ್ಲಿ ಎಂದರೆ, ಎಚ್‌-ಇಂಡೆಕ್ಸ್‌ ಅಂಚಿನಲ್ಲಿರುವ ಪೇಪರ್‌ಗಳಿಗೇ ಉಲ್ಲೇಖ ಬಂದು ಬೀಳುವುದರಲ್ಲಿ. ಉಲ್ಲೇಖಿಸಿದವರ ಪಟ್ಟಿ ತೆರೆದು ನೋಡಿದರೆ ಅದೇ ಗೈಡ್‌, ಅದೇ ವಿದ್ಯಾರ್ಥಿಗಳು, ಅದೇ ಎರಡು ಜರ್ನಲ್‌.

ಇನ್ನು ಹೆಸರಿನ ಫಜೀತಿ, ಇದು ನಮ್ಮ ಕಡೆಯವರಿಗೇ ಹೆಚ್ಚು. ನಮ್ಮಲ್ಲಿ ಮೊದಲ ಇನಿಷಿಯಲ್‌ ಊರಿನದು, ಎರಡನೆಯದು ತಂದೆಯದು, ಉಳಿದದ್ದು ಸ್ವಂತ ಹೆಸರು. ಜರ್ನಲ್‌ಗೆ ಬೇಕಾದದ್ದು ಮನೆತನದ ಹೆಸರು. ಒಂದು ಪೇಪರ್‌ನಲ್ಲಿ ‘ಮಂಜುನಾಥ ಎಚ್‌.ಎಂ.’, ಇನ್ನೊಂದರಲ್ಲಿ ‘ಎಂ. ಮಂಜುನಾಥ’, ಪಾಸ್‌ಪೋರ್ಟ್‌ ಮಾಡಿಸಿದ ಮೇಲೆ ಬಂದದ್ದರಲ್ಲಿ ಹಳ್ಳಿಯ ಹೆಸರೇ ಉಪನಾಮ. ಸ್ಕೋಪಸ್‌ ಇವರನ್ನು ಮೂರು ಜನ ಎಂದು ಭಾವಿಸುತ್ತದೆ, ಎಚ್‌-ಇಂಡೆಕ್ಸ್‌ ಮೂರು ಪಾಲಾಗುತ್ತದೆ. ಗೂಗಲ್‌ ಸ್ಕಾಲರ್‌ನಲ್ಲಿ ಇದರ ತದ್ವಿರುದ್ಧ: ದೇಶದಲ್ಲಿರುವ ಮಂಜುನಾಥರೆಲ್ಲರ ಪೇಪರ್‌ ಒಬ್ಬರ ಪುಟಕ್ಕೆ ತಾನಾಗಿ ಬಂದು ಕೂರುತ್ತದೆ. ವಿಷವಿಜ್ಞಾನಿಯ ಪುಟದಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಪೇಪರ್‌ ಕಂಡರೆ ಕಾರಣ ಇದೇ. ಪರಿಹಾರ ಸುಲಭ. ಸಂಶೋಧಕರ ಗುರುತಿಗೆಂದೇ ಇರುವ 16 ಅಂಕಿಯ ಓಆರ್‌ಸಿಐಡಿ ಸಂಖ್ಯೆ ಪುಕ್ಕಟೆ, 2012ರಿಂದ ಇದೆ. ಅದನ್ನು ಪಡೆದು ಪ್ರತಿ ಪೇಪರ್‌ಗೂ ಅಂಟಿಸಬೇಕು. ಸ್ಕೋಪಸ್‌ಗೆ ಬರೆದು ಒಡೆದ ಹೆಸರುಗಳನ್ನು ಒಂದುಗೂಡಿಸಲು ಶುಲ್ಕವಿಲ್ಲ. ಸ್ಕಾಲರ್‌ ಪುಟದ ಸೆಟ್ಟಿಂಗ್ಸ್‌ನಲ್ಲಿ ‘ತಾನಾಗಿ ಸೇರಿಸು’ ಎಂಬುದನ್ನು ತೆಗೆದು, ಮೊದಲು ಇಮೇಲ್‌ನಲ್ಲಿ ಕೇಳುವಂತೆ ಇಡಬೇಕು. ಹೀಗೆ ಮಾಡದ ಪುಟದ ಅಂಕಿಯನ್ನು ಸುದ್ದಿಗೆ ಎತ್ತಿಕೊಳ್ಳಬಾರದು.

ಒಬ್ಬರದೇ ಅಂಕಿ ಮೂರು ಕಡೆ ಮೂರು ಥರ ಇರುವುದು ಸಹಜ. ಸ್ಕಾಲರ್‌ ಪ್ರೌಢಪ್ರಬಂಧ, ಸಮ್ಮೇಳನದ ಹಾಳೆ, ವಿಮರ್ಶೆಗೊಳಗಾಗದ ಬರಹವನ್ನೂ ಎಣಿಸುವುದರಿಂದ ಅಲ್ಲಿ ಸಾಮಾನ್ಯವಾಗಿ ಹೆಚ್ಚು. ಸ್ಕೋಪಸ್‌ ಮತ್ತು ಅದರಂಥದೇ ಇನ್ನೊಂದು ದತ್ತಾಂಶವಾದ ವೆಬ್‌ ಆಫ್‌ ಸೈನ್ಸ್‌ ತಾವು ಆರಿಸಿಕೊಂಡ ಜರ್ನಲ್‌ಗಳನ್ನಷ್ಟೇ ನೋಡುತ್ತವೆ. ಒಬ್ಬರ ಸ್ಕಾಲರ್‌ ಅಂಕಿಯನ್ನು ಇನ್ನೊಬ್ಬರ ಸ್ಕೋಪಸ್‌ ಅಂಕಿಯ ಪಕ್ಕ ಇಟ್ಟು ಹೋಲಿಸಿದರೆ ಸೇರಿನಲ್ಲಿ ಅಳೆದದ್ದನ್ನು ಕೊಳಗದಲ್ಲಿ ಅಳೆದದ್ದಕ್ಕೆ ಹೋಲಿಸಿದಂತೆ.

ಪೇಪರ್‌ ಸಂಖ್ಯೆ ಈ ಪರಿ ಏಕೆ ಏರುತ್ತದೆ ಎಂಬುದಕ್ಕೆ ಪ್ರಾಧ್ಯಾಪಕರ ನೇಮಕ, ಬಡ್ತಿಗೆ ಯುಜಿಸಿ ಮಾಡಿದ 2018ರ ನಿಯಮಾವಳಿಯ ಅಂಕಗಣಿತ ನೋಡಿ. ಇಂಪ್ಯಾಕ್ಟ್‌ ಫ್ಯಾಕ್ಟರ್‌ (ಅದೇನೆಂದು ಮುಂದೆ ಹೇಳುತ್ತೇವೆ) 2ರಿಂದ 5ರ ನಡುವಿನ ಜರ್ನಲ್‌ನ ಪೇಪರ್‌ಗೆ 20 ಅಂಕ. ಇಬ್ಬರು ಲೇಖಕರಾದರೆ ತಲಾ ಶೇ 70. ಇಬ್ಬರಿಗಿಂತ ಹೆಚ್ಚಾದರೆ ಮುಖ್ಯ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಎಂಟು ಜನ ಸೇರಿದರೆ ಮುಖ್ಯರಿಗೆ 14, ಮಿಕ್ಕ ಏಳು ಜನಕ್ಕೆ ತಲಾ 6: ಒಟ್ಟು 56. ಒಂದೇ ಪಾತ್ರೆಯ 20 ಸೇರು ಹಾಲು ಹಂಚಿದಾಗ 56 ಸೇರಾಯಿತು. ಹೆಸರುಗಳ ಸಾಲು ಉದ್ದವಾಗುವುದರಲ್ಲಿ ಆಶ್ಚರ್ಯವೇನಿದೆ?

ಇಂಪ್ಯಾಕ್ಟ್‌ ಫ್ಯಾಕ್ಟರ್‌ ಎಂಬುದೂ ಜರ್ನಲ್‌ನ ಸರಾಸರಿ. ಅದರಲ್ಲಿ ಬರೆದವರ ಅಳತೆಯಲ್ಲ. ಹಿಂದಿನ ಎರಡು ವರ್ಷ ಪ್ರಕಟಿಸಿದ ಪೇಪರ್‌ಗಳಿಗೆ ಈ ವರ್ಷ ಬಿದ್ದ ಉಲ್ಲೇಖವನ್ನು ಆ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ‘ಆಕ್ಟಾ ಕ್ರಿಸ್ಟಲೊಗ್ರಾಫಿಕಾ ಎ’ ಜರ್ನಲ್‌ನದು 2008ರಲ್ಲಿ 2.051 ಇತ್ತು, ಮರುವರ್ಷ 49.926 ಆಯಿತು. ಕಾರಣ ಒಂದೇ ಪೇಪರ್‌: ಜಾರ್ಜ್‌ ಶೆಲ್‌ಡ್ರಿಕ್‌ ಅವರು ಸ್ಫಟಿಕ ರಚನೆ ಬಿಡಿಸುವ ತಮ್ಮ ಶೆಲ್‌ಎಕ್ಸ್‌ ತಂತ್ರಾಂಶದ ಬಗ್ಗೆ ಬರೆದದ್ದು. ಆ ತಂತ್ರಾಂಶ ಬಳಸಿದವರೆಲ್ಲ ಆ ಒಂದು ಸಾಲನ್ನು ತಪ್ಪದೆ ಸೇರಿಸಿದರು. ಅದೇ ಜರ್ನಲ್‌ನಲ್ಲಿ ಪಕ್ಕದ ಪುಟದಲ್ಲಿದ್ದವರ ಕೆಲಸ ರಾತ್ರೋರಾತ್ರಿ 24 ಪಟ್ಟು ಬೆಳೆಯಲಿಲ್ಲ.

ವಿಧಾನ ಹೇಳುವ ಪೇಪರ್‌ಗಳ ಹಣೆಬರಹವೇ ಹಾಗೆ. ದ್ರಾವಣದಲ್ಲಿ ಪ್ರೋಟೀನ್‌ ಎಷ್ಟಿದೆ ಎಂದು ಅಳೆಯುವ ಲೌರಿ ಅವರ 1951ರ ಪೇಪರ್‌ ಮೂರು ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖಗೊಂಡಿದೆ. ಅದೇನೂ ಮಹಾ ಪ್ರಬಂಧವಲ್ಲ ಎಂದು ಅವರೇ ಬರೆದಿದ್ದರು. ವಿಷವಿಜ್ಞಾನದಲ್ಲಿ ಎಲ್‌ಮನ್‌ ಮತ್ತು ಸಂಗಡಿಗರ 1961ರ ಪೇಪರ್‌ ಹೀಗೆಯೇ ಸಾವಿರಾರು ಸಲ ಉಲ್ಲೇಖಗೊಂಡದ್ದು: ಆರ್ಗನೊಫಾಸ್ಫೇಟ್‌ ಕೀಟನಾಶಕ ಹೊಡೆಯುವವರ ರಕ್ತದಲ್ಲಿ ಕೋಲಿನ್‌ಎಸ್ಟರೇಸ್‌ ಕಿಣ್ವ ಎಷ್ಟು ಕುಗ್ಗಿದೆ ಎಂದು ಹಳದಿ ಬಣ್ಣದ ಗಾಢತೆಯಿಂದ ಅಳೆಯುವ ಕ್ರಮ. ಆದರೆ ಆ ಕ್ರಮವನ್ನು ಸರಿಯಾಗಿ ಬಳಸಿ ಹೊಲದಲ್ಲಿ ಅಳೆದವರಿಗೆ ಉಲ್ಲೇಖ ಬೆರಳೆಣಿಕೆಯಷ್ಟು. ಸರಿಯಾಗಿ ಎಂದದ್ದಕ್ಕೆ ಕಾರಣವಿದೆ. ಬಣ್ಣ ಅಳೆಯುವುದು 412 ನ್ಯಾನೊಮೀಟರ್‌ ತರಂಗಾಂತರದ ಬೆಳಕಿನಲ್ಲಿ. ರಕ್ತದ ಹಿಮೊಗ್ಲೋಬಿನ್‌ ಕೂಡ ಅಲ್ಲೇ ಬೆಳಕು ಹೀರುತ್ತದೆ. ಹಾಗಾಗಿ ಇಡೀ ರಕ್ತಕ್ಕೆ 436 ನ್ಯಾನೊಮೀಟರ್‌ಗೆ ಸರಿಸುತ್ತಾರೆ. ಕಿಣ್ವದ ಸಹಜ ಮಟ್ಟ ಒಬ್ಬೊಬ್ಬರಿಗೆ ಒಂದೊಂದು. ಸಿಂಪಡಣೆ ಶುರುವಾಗುವ ಮೊದಲೇ ಅದೇ ವ್ಯಕ್ತಿಯ ರಕ್ತ ಅಳೆದಿರದಿದ್ದರೆ, ಆಮೇಲಿನ ಅಂಕಿ ಕುಗ್ಗಿದೆಯೋ ಇಲ್ಲವೋ ಹೇಳುವುದೇ ಕಷ್ಟ.

ರಸಾಯನಶಾಸ್ತ್ರ, ವಿಷವಿಜ್ಞಾನ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುವುದಕ್ಕೆ ಮುಖ್ಯ ಕಾರಣ ಕೆಲಸಕ್ಕೆ ಹಿಡಿಯುವ ಕಾಲ. ಒಂದು ರಾಸಾಯನಿಕವನ್ನು 90 ದಿನ ಇಲಿಗಳಿಗೆ ಉಣಿಸಿ ನೋಡುವ ಒಇಸಿಡಿ ಎಂಬ ದೇಶಗಳ ಕೂಟದ 408ನೇ ಮಾರ್ಗಸೂಚಿಯ ಪರೀಕ್ಷೆ ತೆಗೆದುಕೊಳ್ಳಿ. ಮೂರು ಪ್ರಮಾಣ, ಒಂದು ಹೋಲಿಕೆ ಗುಂಪು. ಪ್ರತಿ ಗುಂಪಿಗೆ ಕನಿಷ್ಠ 10 ಗಂಡು, 10 ಹೆಣ್ಣು. ಒಟ್ಟು 80 ಇಲಿ. ಅದಕ್ಕೂ ಮೊದಲು ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ, ಪ್ರಮಾಣ ನಿರ್ಧರಿಸುವ ಪೂರ್ವ ಪರೀಕ್ಷೆ. ಆಮೇಲೆ ಒಂದೊಂದು ಅಂಗವನ್ನೂ ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಎರಡು ವರ್ಷಕ್ಕೆ ಒಂದು ಪೇಪರ್‌ ಬಂದರೆ ಪುಣ್ಯ. ಪಕ್ಕದ ಕೋಣೆಯಲ್ಲಿ ಎಲೆಯ ಕಷಾಯಕ್ಕೆ ಸಿಲ್ವರ್‌ ನೈಟ್ರೇಟ್‌ ಸುರಿದು ಬೆಳ್ಳಿಯ ನ್ಯಾನೊಕಣ ಮಾಡಿ, ದ್ರಾವಣ ಕಂದಾದ ಮೇಲೆ 400–450 ನ್ಯಾನೊಮೀಟರ್‌ ನಡುವೆ ಬೆಳಕು ಹೀರುವ ಒಂದು ಶಿಖರ ತೋರಿಸಿ, ಎಕ್ಸ್‌ಆರ್‌ಡಿ (ಎಕ್ಸ್‌-ರೇ ವಿವರ್ತನೆ), ಎಸ್‌ಇಎಂ (ಎಲೆಕ್ಟ್ರಾನ್‌ ಸೂಕ್ಷ್ಮದರ್ಶಕ) ಚಿತ್ರ ಜೋಡಿಸಿ, ನಾಲ್ಕು ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸಿದರೆ ಮೂರು ತಿಂಗಳಿಗೊಂದು ಪೇಪರ್‌. ಮಲೆನಾಡಿನಲ್ಲಿ ಬೆಳ್ಳಿಯಾಗದೆ ಉಳಿದ ಎಲೆ ಇನ್ನು ಯಾವುದಿದೆಯೋ! ಈ ಎಲೆ-ಬೆಳ್ಳಿ ಪೇಪರ್‌ಗಳು ಒಂದನ್ನೊಂದು ಧಾರಾಳವಾಗಿ ಉಲ್ಲೇಖಿಸಿಕೊಳ್ಳುತ್ತವೆ.

ಅಂಥವುಗಳ ಕೊನೆಗೆ ‘ಕ್ಯಾನ್ಸರ್‌ ಕೋಶಗಳನ್ನು ಕೊಂದಿತು’ ಎಂಬ ಒಂದು ವಿಷವಿಜ್ಞಾನದ ವಿಭಾಗ ಅಂಟಿರುತ್ತದೆ. ಅಲ್ಲಿ ಬಳಸುವುದು ಎಂಟಿಟಿ ಎಂಬ ಬಣ್ಣದ ರಾಸಾಯನಿಕದ ಪರೀಕ್ಷೆ. ಬದುಕಿರುವ ಕೋಶ ಹಳದಿ ಎಂಟಿಟಿಯನ್ನು ನೇರಳೆಯಾಗಿಸುತ್ತದೆ, ನೇರಳೆ ಹೆಚ್ಚಿದ್ದರೆ ಬದುಕಿರುವ ಕೋಶ ಹೆಚ್ಚು ಎಂದು ಲೆಕ್ಕ. ತೊಡಕೆಂದರೆ ಗಿಡದ ಕಷಾಯದಲ್ಲಿರುವ ಪಾಲಿಫಿನಾಲ್‌ಗಳು ಕೋಶವೇ ಇಲ್ಲದಿದ್ದರೂ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ನ್ಯಾನೊಕಣಗಳು ತಾವೇ ಬೆಳಕು ಹೀರಿ ಅಳತೆಯನ್ನು ಕೆಡಿಸುತ್ತವೆ. ಕೋಶವಿಲ್ಲದ ಗುಳಿಯಲ್ಲಿ ಅದೇ ಕಷಾಯ, ಅದೇ ಎಂಟಿಟಿ ಹಾಕಿ ನೋಡಿದ ಸಾಲು ಪೇಪರ್‌ನಲ್ಲಿ ಇಲ್ಲದಿದ್ದರೆ ಉಳಿದ ಗ್ರಾಫ್‌ ಎಷ್ಟೇ ಚೆಂದವಿರಲಿ ನಂಬಲಾಗದು. ಆ ಪೇಪರ್‌ಗೆ 200 ಉಲ್ಲೇಖ ಇರಬಹುದು.

ಈಗ ಹಾಸನದ ಆಲೂಗೆಡ್ಡೆ. ಮಳೆ ಹಿಡಿದ ವಾರಗಳಲ್ಲಿ ಅಂಗಮಾರಿ ರೋಗಕ್ಕೆ ಮ್ಯಾಂಕೋಜೆಬ್‌ ಎಂಬ ಶಿಲೀಂಧ್ರನಾಶಕ ಹೊಡೆಯದ ರೈತ ಅಪರೂಪ. ಗೆಡ್ಡೆಯಲ್ಲಿ ಔಷಧಿ ಉಳಿಕೆ ಎಷ್ಟು ಎಂಬ ಪೇಪರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವುದು 2003ರಲ್ಲಿ ಬಂದ ಕೆಚರ್ಸ್‌ ವಿಧಾನ: 10 ಗ್ರಾಂ ಅರೆದ ಮಾದರಿ, 10 ಮಿಲಿಲೀಟರ್‌ ಅಸಿಟೋನೈಟ್ರೈಲ್‌, 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್‌, 1 ಗ್ರಾಂ ಉಪ್ಪು, ಕುಲುಕಿ, ಸೆಂಟ್ರಿಫ್ಯೂಜ್‌ ಮಾಡಿ, ಮೇಲಿನ ದ್ರವ ಶುದ್ಧಗೊಳಿಸಿ ಯಂತ್ರಕ್ಕೆ ಕೊಡುವುದು. ಒಂದೇ ಓಟದಲ್ಲಿ ನೂರಾರು ಔಷಧಿ ಹಿಡಿಯುತ್ತದೆ. ಮ್ಯಾಂಕೋಜೆಬ್‌ ಮಾತ್ರ ಇದಕ್ಕೆ ಸಿಗುವುದಿಲ್ಲ, ಏಕೆಂದರೆ ಅದು ಇಂಥ ದ್ರಾವಕದಲ್ಲಿ ಕರಗದ ಲೋಹಬಂಧಿತ ಪಾಲಿಮರ್‌. ಅದನ್ನು ಸ್ಟ್ಯಾನಸ್‌ ಕ್ಲೋರೈಡ್‌ ಮತ್ತು ಹೈಡ್ರೊಕ್ಲೋರಿಕ್‌ ಆಮ್ಲದಲ್ಲಿ ಬಿಸಿ ಮಾಡಿ, ಹೊರಬರುವ ಕಾರ್ಬನ್‌ ಡೈಸಲ್ಫೈಡ್‌ ಅನಿಲವನ್ನು ಪ್ರತ್ಯೇಕವಾಗಿ ಅಳೆಯಬೇಕು. ಗೆಡ್ಡೆಯನ್ನು ಮೊದಲೇ ನುಣ್ಣಗೆ ಅರೆದರೆ ರಸ ತಗಲಿ ಮ್ಯಾಂಕೋಜೆಬ್‌ ಒಡೆದುಹೋಗುತ್ತದೆ, ಅಂಕಿ ಕಡಿಮೆ ಬರುತ್ತದೆ. ಇದೇ ಪರೀಕ್ಷೆಯನ್ನು ಎಲೆಕೋಸಿಗೆ ಮಾಡಿದರೆ ಔಷಧಿ ಹೊಡೆಯದಿದ್ದರೂ ಕೋಸಿನ ಸ್ವಂತ ಗಂಧಕದಿಂದ ಸ್ವಲ್ಪ ಅನಿಲ ಬರುತ್ತದೆ. ಹಾಗಾಗಿ ‘200 ಕೀಟನಾಶಕ ಪರೀಕ್ಷಿಸಿದೆವು, ಆಲೂಗೆಡ್ಡೆ ಶುದ್ಧ’ ಎಂಬ ಪೇಪರ್‌ ಕಂಡರೆ, ಇಲ್ಲಿ ಅತಿ ಹೆಚ್ಚು ಹೊಡೆಯುವ ಔಷಧಿ ಆ 200ರಲ್ಲಿ ಇತ್ತೇ ಎಂದು ಕೇಳಬೇಕು. ‘ಪತ್ತೆಯಾಗಲಿಲ್ಲ’ ಎಂದಿದ್ದರೆ ಎಷ್ಟರವರೆಗೆ ಅಳೆಯಲು ಸಾಧ್ಯವಿತ್ತು ಎಂದು ಕೇಳಬೇಕು. ಯುರೋಪಿನಲ್ಲಿ ಬೇರೆ ಮಿತಿ ನಿಗದಿಯಾಗದ ಕಡೆ ಪ್ರತಿ ಕಿಲೋಗೆ 0.01 ಮಿಲಿಗ್ರಾಂ ಮಿತಿ, 0.1ರ ಕೆಳಗೆ ಕಾಣದ ಯಂತ್ರದಲ್ಲಿ ನೋಡಿ ಶುದ್ಧ ಎಂದರೆ ಹೇಗೆ? ಗೊತ್ತಿದ್ದಷ್ಟು ಔಷಧಿ ಬೆರೆಸಿ ಪರೀಕ್ಷಿಸಿದಾಗ ಶೇ 70ರಿಂದ 120ರೊಳಗೆ ವಾಪಸ್‌ ಸಿಕ್ಕಿತೇ ಎಂಬ ಕೋಷ್ಟಕವೂ ಅಲ್ಲಿರಬೇಕು.

ಕಾಫಿಯದೂ ಇಂಥದೇ ಮಾತು. ಕಾಫಿಯಲ್ಲಿ ಬೂಷ್ಟಿನಿಂದ ಬರುವ ಓಕ್ರಾಟಾಕ್ಸಿನ್‌-ಎ ವಿಷಕ್ಕೆ ಯುರೋಪ್‌ ಹುರಿದ ಕಾಫಿಯಲ್ಲಿ ಕಿಲೋಗೆ 5 ಮೈಕ್ರೊಗ್ರಾಂ ಇದ್ದ ಮಿತಿಯನ್ನು 2023ರ ಜನವರಿಯಿಂದ 3ಕ್ಕೆ ಇಳಿಸಿತು. ಕೊಯ್ದ ಹಣ್ಣನ್ನು ಕಣದಲ್ಲಿ ದಪ್ಪ ಹರಡಿ, ಮೋಡ ಕವಿದಾಗ ರಾಶಿ ಮಾಡಿ ಮುಚ್ಚಿಟ್ಟರೆ, ಒಣಗುವುದು ತಡವಾದಷ್ಟೂ ಬೂಷ್ಟಿಗೆ ಅನುಕೂಲ. ಮೂಡಿಗೆರೆ ಕಡೆಯ ಕಣದಲ್ಲಿ ಎಷ್ಟು ದಪ್ಪ ಹರಡಿದರೆ, ದಿನಕ್ಕೆ ಎಷ್ಟು ಸಲ ಕೈಯಾಡಿಸಿದರೆ, ಎಷ್ಟು ದಿನದಲ್ಲಿ ತೇವಾಂಶ ಶೇ 12ಕ್ಕೆ ಇಳಿಯುತ್ತದೆ ಎಂದು ಎರಡು ಹಂಗಾಮು ಅಳೆದು ಬರೆದ ಪೇಪರ್‌ಗೆ ಉಲ್ಲೇಖ ಐದೋ ಆರೋ ಬಂದೀತು. ಅದನ್ನು ಓದಿ ಉಪಯೋಗಿಸುವ ಬೆಳೆಗಾರರು ಪೇಪರ್‌ ಬರೆಯುವವರಲ್ಲವಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ 1925ರಿಂದ ಇತಿಹಾಸವಿದೆ. ಅಲ್ಲಿಂದ ಬಂದ ತಳಿಗಳು ತೋಟದಲ್ಲಿವೆ, ಬೋರ್ಡೋ ದ್ರಾವಣದ ಪ್ರಮಾಣ ರೈತರ ಬಾಯಲ್ಲಿದೆ. ಎಚ್‌-ಇಂಡೆಕ್ಸ್‌ಗೆ ಅದು ಯಾವುದೂ ಕಾಣದು.

ಜರ್ನಲ್‌ ಹೆಸರು ಕೇಳಿಯೂ ಸಮಾಧಾನಪಡುವಂತಿಲ್ಲ. ಪರಿಸರ ರಸಾಯನ ಮತ್ತು ವಿಷವಿಜ್ಞಾನದಲ್ಲಿ ದೊಡ್ಡ ಹೆಸರಿದ್ದ ‘ಕೀಮೋಸ್ಫಿಯರ್‌’ ಜರ್ನಲನ್ನು 2024ರ ಡಿಸೆಂಬರ್‌ನಲ್ಲಿ ವೆಬ್‌ ಆಫ್‌ ಸೈನ್ಸ್‌ ತನ್ನ ಪಟ್ಟಿಯಿಂದ ಕೈಬಿಟ್ಟಿತು. ಅದರಲ್ಲಿ ಬಂದ ಒಳ್ಳೆಯ ಕೆಲಸ ಕೆಟ್ಟದ್ದಾಗಲಿಲ್ಲ, ಕೆಟ್ಟದ್ದು ಮೊದಲೂ ಕೆಟ್ಟದ್ದೇ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್‌ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದ ಮೇಲೆ ಯಾವುದು ಓದಲು ಯೋಗ್ಯ ಎಂದು ತೀರ್ಮಾನಿಸುವ ಭಾರ ಕಾಲೇಜುಗಳ ಮೇಲೆಯೇ ಬಿದ್ದಿದೆ.

ಪತ್ರಿಕೆಯಿಂದ ನಾವು ಕೇಳುವುದು ಹೆಚ್ಚೇನಲ್ಲ. ಅಂಕಿ ಹಾಕುವುದಿದ್ದರೆ ‘ಸ್ಕೋಪಸ್‌ ಪ್ರಕಾರ, ಇಂಥ ದಿನಾಂಕಕ್ಕೆ, ಸ್ವಯಂ ಉಲ್ಲೇಖ ಕಳೆದು’ ಎಂದು ಹಾಕಿ. ಶೇ 2 ಎಂದರೆ ವೃತ್ತಿಜೀವನದ ಪಟ್ಟಿಯೋ ಒಂದು ವರ್ಷದ್ದೋ, ಯಾವ ಉಪಕ್ಷೇತ್ರ ಎಂದು ಬರೆಯಿರಿ. ಪ್ರಾಧ್ಯಾಪಕರಿಗೆ ಎರಡು ಪ್ರಶ್ನೆ ಕೇಳಿ: ಅತಿ ಹೆಚ್ಚು ಉಲ್ಲೇಖಗೊಂಡ ಪೇಪರ್‌ ಯಾವುದು, ಅದರಲ್ಲಿ ತಮ್ಮ ಕೈಯಾರೆ ಮಾಡಿದ್ದೇನು? ಕೆಲಸ ಮಾಡಿದವರು ಈ ಪ್ರಶ್ನೆಗೆ ಅರ್ಧ ಗಂಟೆ ಉತ್ತರಿಸುತ್ತಾರೆ, ಸುದ್ದಿ ಅಲ್ಲೇ ಸಿಗುತ್ತದೆ. ಕೊನೆಯಲ್ಲಿ ಆ ಪೇಪರನ್ನು ಅಂತರ್ಜಾಲದಲ್ಲಿ ಹುಡುಕಲು ಬೇಕಾದ ಡಿಒಐ ಸಂಖ್ಯೆ ಅಚ್ಚಾಗಲಿ. 10 ಎಂಬ ಅಂಕಿಯಿಂದ ಶುರುವಾಗುವ ಅದು ಒಂದು ಸಾಲನ್ನೂ ಮೀರದು. ಪೇಟದ ಫೋಟೊ ಅರ್ಧ ಅಂಗುಲ ಕಿರಿದಾದರೆ ಜಾಗ ಸಿಗುತ್ತದೆ.

ಇತಿ,
ರಸಾಯನಶಾಸ್ತ್ರ ಮತ್ತು ವಿಷವಿಜ್ಞಾನ ಬೋಧಿಸುವ ಕೆಲವರು,
ಹಾಸನ